ಒಂದು ಸರಪಳಿ ದೂರ

ಇಂಡಿ
೧೭ ಜೂನ್ ೨೦೨೪

ಗುರುರಾಜನಿಗೆ,

ಇಪ್ಪತ್ತಾರು ವರ್ಷಗಳ ನಂತರ ಬರೆಯುತ್ತಿದ್ದೇನೆ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದೆವೆಂದು ನೆನಪಿಸಲು ಈ ಪತ್ರವಲ್ಲ. ಒಂದು ಕೆಲಸವಿದೆ.

ನನ್ನ ಅವ್ವ ಶೆಟ್ಟೆವ್ವನ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸುತ್ತೇವೆ. ದೀಪಾವಳಿ ದಾಟುವುದು ಕಷ್ಟವೆಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಅವಳಿಗೆ ಯಾರೂ ಹೇಳಿಲ್ಲ, ಗೊತ್ತಿದೆ. ಅವಳು ಕೇಳುವುದು ಒಂದನ್ನೇ: ನಮ್ಮೂರು ಬನ್ನಿಹಾಳದಲ್ಲಿ ಅಪ್ಪ ಭೀಮಶ್ಯಾನ ಮಗ್ಗುಲಲ್ಲಿ ಮಣ್ಣು.

ನಮ್ಮ ಕೇರಿಯ ದಕ್ಷಿಣಕ್ಕೆ ಹನ್ನೊಂದು ಗುಂಟೆ ಜಾಗವಿದೆ. ನಾಲ್ಕು ತಲೆಮಾರಿನವರನ್ನು ಅಲ್ಲಿಯೇ ಮಣ್ಣು ಮಾಡಿದ್ದೇವೆ. ಅದೀಗ ಜಮೀನಿನ ಉತಾರದಲ್ಲಿ ರಾವಸಾಬ ಹಿರೇರ ಎಂಬವರ ಹೆಸರಿಗಿದೆ. ಹೋದ ವರ್ಷ ಅವರು ಸುತ್ತಲೂ ತಂತಿ ಬೇಲಿ ಹಾಕಿದರು. ಹಳೆಯ ಮೋಜಣಿ ಟಿಪ್ಪಣಿಯ ನಕಲನ್ನು ಅರ್ಜಿ ಹಾಕಿ ತೆಗೆಸಿದೆ. ೧೯೯೮ರ ಮಾರ್ಚ್ ತಿಂಗಳು, ಕೆಳಗೆ ಅಳತೆ ಮಾಡಿದವನೆಂದು ನಿನ್ನ ಸಹಿ. ಆ ಜಾಗದ ಮೇಲೆ 'ಹಿರೇರ ಜಾಗ' ಎಂದು ಬರೆದಿದ್ದೀಯೆ. ನಕಾಶೆ ಓದುವುದನ್ನು ಹುಡುಗರಿಗೆ ಕಲಿಸುವುದೇ ನನ್ನ ಉದ್ಯೋಗ, ಓದಿದ್ದರಲ್ಲಿ ತಪ್ಪಿಲ್ಲ.

ನಿನಗೆ ಅದನ್ನು ಹೇಳಿದವಳು ನನ್ನ ಅವ್ವ. ಅವಳು ಹೇಳಿದ್ದು "ಹಿರ್ಯಾರ ಜಾಗಾರಿ" ಎಂದು. ತೀರಿಕೊಂಡ ಹಿರಿಯರ ಜಾಗ. ನೀನು ರಸ್ತೆಯ ಮೇಲೆ ನಿಂತು ಒದರಿ ಕೇಳಿದ್ದೆ, ಅವಳು ಕೇರಿಯ ಬಾಯಿಯಲ್ಲಿ ನಿಂತು ಒದರಿ ಹೇಳಿದ್ದಳು. ಆ ದೂರವನ್ನು ನಾನೇ ಅಳೆದಿದ್ದೇನೆ: ಮೂವತ್ತಮೂರು ಅಡಿ. ನಿಮ್ಮ ಲೆಕ್ಕದಲ್ಲಿ ಒಂದು ಸರಪಳಿ.

ರಾವಸಾಬರು ಕೆಟ್ಟ ಮನುಷ್ಯರೇನಲ್ಲ. "ನಾ ಬರಸಿದ್ದಲ್ರಿ ಮಾಸ್ತರ, ನಮ್ಮಪ್ಪಗ ತಾನ ಬಂದದ್ದು. ಬರದಾಂವ ತಪ್ಪಾಗೈತಂತ ತನ್ನ ಕೈಲೆ ಬರದ ಕೊಡ್ಲಿ, ಅವತ್ತ ತಂತಿ ಬಿಚ್ಚತೇನಿ" ಎಂದು ನಾಲ್ಕು ಮಂದಿಯ ಮುಂದೆ ಹೇಳಿದ್ದಾರೆ.

ಹೀಗಾಗಿ ಒಂದು ಹಾಳೆ ಬೇಕು. ಏನು ಕೇಳಿಸಿತು, ಯಾರಿಂದ, ಎಲ್ಲಿ ನಿಂತು. ಫೋನ್ ಮಾಡಬೇಡ. ಆ ದಿನ ಅವಳು ನಿನಗಾಗಿ ಕಟ್ಟಿ ತಂದಿದ್ದ ಬುತ್ತಿಯ ವಿಷಯವನ್ನು ನಾನು ಎತ್ತುವುದಿಲ್ಲ.

ಜೈಭೀಮ್.
ಸುಭಾಸ

*

ದೇವರ ಹಿಪ್ಪರಗಿ
೨ ಜುಲೈ ೨೦೨೪

ಪ್ರಿಯ ಸುಭಾಸ,

ನಿನ್ನ ಪತ್ರ ಕಚೇರಿಯ ವಿಳಾಸಕ್ಕೆ ಬಂದು, ಅಲ್ಲಿಂದ ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂದಿತು. ತಾಯಿಯವರ ಆರೋಗ್ಯದ ವಿಷಯ ತಿಳಿದು ಖೇದವಾಯಿತು.

ಮೂಲ ಟಿಪ್ಪಣಿಯನ್ನು ನೋಡದೆ ನೆನಪಿನ ಆಧಾರದ ಮೇಲೆ ಹೇಳಿಕೆ ಕೊಡುವುದು ನಿಯಮಕ್ಕೆ ಒಪ್ಪುವುದಿಲ್ಲ. ಅದನ್ನು ತರಿಸಿಕೊಳ್ಳಲು ಬರೆದಿದ್ದೇನೆ. ದಯವಿಟ್ಟು ಸ್ವಲ್ಪ ಕಾಲಾವಕಾಶ ಕೊಡು.

ಈಗ ನನಗೆ ವಹಿಸಿರುವ ಕೆಲಸ ವಿಚಿತ್ರವಾಗಿದೆ. ಹೊಸ ನಕಾಶೆಗಳಿಗಾಗಿ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ ತಾಲೂಕುಗಳ ಊರೂರಿಗೆ ಹೋಗಿ, ಹಳ್ಳ, ದಿನ್ನೆ, ಓಣಿ, ಬಾವಿಗಳ ಹೆಸರುಗಳನ್ನು ಪರಿಶೀಲಿಸಬೇಕು. ನನ್ನ ದಾಖಲೆ ಪುಸ್ತಕದಲ್ಲಿ ನಾಲ್ಕು ಕಾಲಮುಗಳಿವೆ: ನಕಾಶೆಯಲ್ಲಿರುವ ಹೆಸರು, ಜನ ಕರೆಯುವ ಹೆಸರು, ಹೇಳಿದವರು, ಹೇಳಿದವರ ಸಹಿ ಅಥವಾ ಹೆಬ್ಬೆಟ್ಟು. ಮೊದಲು ಕೊನೆಯ ಎರಡು ಕಾಲಮುಗಳು ಇರಲಿಲ್ಲ.

ಇಂದು ಇಲ್ಲಿ ಸಂತೆ. ತೊಗರಿ ಬಿತ್ತಿ ಮುಗಿದಿರುವುದರಿಂದ ಜನ ತುಂಬಿದ್ದರು. ಸೊಪ್ಪು ಮಾರುವ ಹೆಂಗಸರು ಒಂದು ಸಾಲಿನಲ್ಲಿ ಕುಳಿತಿದ್ದರು. ಅವರ ಎದುರಿನ ಕೆರೆಗೆ ನಕಾಶೆಯಲ್ಲಿ ಏನು ಹೆಸರಿದೆಯೆಂದು ನಾನು ಓದಿದಾಗ ಒಬ್ಬಳು ನಕ್ಕಳು. "ಅದು ಯಾರ ಹೆಸರೋ ಯಪ್ಪಾ, ನಾವು ಕೇಳೇ ಇಲ್ಲ. ನಮಗ ಅದು ಅತ್ತಿ-ಸೊಸಿ ಕೆರಿ. ಅತ್ತಿ ತುಂಬೂತನಕ ಸೊಸಿಗೆ ನೀರಿಲ್ಲ." ನೋಡಿದರೆ ನಡುವೆ ಒಡ್ಡು ಇರುವ ಎರಡು ಕೆರೆಗಳು. ಮೇಲಿನದು ತುಂಬಿ ಹರಿದರೆ ಮಾತ್ರ ಕೆಳಗಿನದಕ್ಕೆ ನೀರು. ಒಂದು ವಾಕ್ಯದಲ್ಲಿ ಅವಳು ಹೇಳಿದ್ದನ್ನು ನಾನು ೨೦೦೪ರಲ್ಲಿ ಮೂರು ದಿನ ಅಳೆದು ಬರೆದಿದ್ದೆ, ಹೆಸರನ್ನು ಮಾತ್ರ ತಪ್ಪಾಗಿ. ಆಕೆ ಒಂದು ಕಟ್ಟು ಹಕ್ಕರಕಿ ಸೊಪ್ಪನ್ನು ನನ್ನ ಚೀಲದೊಳಕ್ಕೆ ತುರುಕಿದಳು. ಹಸಿಯದನ್ನೇ ರೊಟ್ಟಿಯ ಜೊತೆ ತಿನ್ನಬೇಕಂತೆ. ಕೋಣೆಗೆ ತಂದು ಇಟ್ಟಿದ್ದೇನೆ.

ಇದನ್ನೆಲ್ಲ ಯಾಕೆ ಬರೆದೆನೋ ತಿಳಿಯದು.

ನಿನ್ನ,
ಗುರುರಾಜ

*

ಸಿಂದಗಿ
೨೮ ಜುಲೈ ೨೦೨೪

ಪ್ರಿಯ ಸುಭಾಸ,

ನಿನ್ನಿಂದ ಉತ್ತರವಿಲ್ಲ. ನಿರೀಕ್ಷಿಸುವ ಹಕ್ಕು ನನಗಿಲ್ಲವೆಂದು ಬಲ್ಲೆ. ಮೂಲ ಟಿಪ್ಪಣಿ ಇನ್ನೂ ಕೈಗೆ ಬಂದಿಲ್ಲ.

ನನ್ನ ಜೊತೆಗಿರುವ ಜೀಪಿನ ಚಾಲಕ ಮಹಮ್ಮದಹನೀಫ ಈ ಊರಿನವನೇ. ನಲವತ್ತು ದಾಟಿದ್ದಾನೆ, ಮಾತು ಬಹಳ. ಮೊನ್ನೆ ಒಂದು ಹಳ್ಳಿಯ ಹೊರಗೆ ಕೇಳಿದ:

"ಸಾಹೇಬ್ರ, ನಿಮ್ಮ ಬಾಟ್ಲಿ ನೀರ ಮುಗೀತಂದ್ರ ಮೋಜಣಿನೂ ಮುಗದಂಗ ಏನ್ರಿ?"

"ದಾರ್ಯಾಗ ಇನ್ನೊಂದ ತಗೊಂಡ್ರಾತು."

"ದಾರ್ಯಾಗ ಬಾಂವಿ ಸಿಗತಾವ್ರಿ. ಬಾಟ್ಲಿ ಸಿಗಂಗಿಲ್ಲ."

ಆ ಹಳ್ಳಿಯ ಪೂರ್ವಕ್ಕೆ ಒಂದು ಸಣ್ಣ ದಿಬ್ಬವಿದೆ. ನಕಾಶೆಯಲ್ಲಿ 'ದಿಬ್ಬ' ಎಂದಷ್ಟೇ ಇದೆ. ಹೆಸರು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಂಡ್ರ ಯಪ್ಪಾ. ನಿಂತ ಕೇಳೂದು ಪೊಲೀಸರ ಕೆಲಸ" ಎಂದಳು. ಕುಳಿತೆ. ಒಳಗಿನಿಂದ ತಂಬಿಗೆಯಲ್ಲಿ ಮಜ್ಜಿಗೆ ಬಂತು. ಹನೀಫ ನನ್ನ ಮುಖವನ್ನೇ ನೋಡುತ್ತಿದ್ದ. ಕುಡಿದೆ. ನೌಕರಿಗೆ ಸೇರಿದ ಮೇಲೆ ಹಳ್ಳಿಯ ಮನೆಯೊಂದರಲ್ಲಿ ನಾನು ಬಾಯಿಗೆ ಹಚ್ಚಿದ ಮೊದಲ ಪದಾರ್ಥ ಅದು. ಅದಕ್ಕೂ ಮುಂಚಿನದು ನಿನಗೆ ಗೊತ್ತಿದೆ.

ಆಮೇಲೆ ಅವಳೇ ಹೇಳಿದಳು. ಅದು ಕೂಸಿನ ದಿನ್ನಿ. ಹಲ್ಲು ಬರುವ ಮೊದಲೇ ಹೋದ ಕೂಸುಗಳನ್ನು ಅಲ್ಲಿ ಇಡುತ್ತಾರೆ. ಆ ದಾರಿಯಲ್ಲಿ ಹೋಗುವ ಗಾಡಿಯವರು ಇಳಿದು ಎತ್ತಿನ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಾರೆ, ಸಪ್ಪಳವಾದರೆ ಕೂಸುಗಳು ಎದ್ದಾವೆಂದು. "ನಂದೂ ಎರಡ ಅದಾವ" ಎಂದು ಎರಡು ಬೆರಳು ತೋರಿಸಿದಳು. ಅವಳ ಹೆಬ್ಬೆಟ್ಟನ್ನು ಕಾಲಮಿನಲ್ಲಿ ತೆಗೆದುಕೊಂಡೆ. ಹಿಂತಿರುಗುವಾಗ ಹನೀಫ ಜೀಪನ್ನು ಎರಡನೆಯ ಗೇರಿನಲ್ಲಿ, ಹಾರ್ನ್ ಬಾರಿಸದೆ, ದಿನ್ನೆ ದಾಟಿಸಿದ. ಅವನಿಗೆ ಮೊದಲೇ ಗೊತ್ತಿತ್ತಂತೆ. "ನೀವು ಕೇಳ್ಲಿಲ್ಲಲ್ರಿ" ಎಂದ.

ತಾಯಿಯವರು ಹೇಗಿದ್ದಾರೆ?

ನಿನ್ನ,
ಗುರುರಾಜ

*

ಇಂಡಿ
೧೧ ಆಗಸ್ಟ್ ೨೦೨೪

ಗುರುರಾಜ,

ನಿನ್ನ ಎರಡು ಪತ್ರಗಳು ಬಂದವು. ಹಾಳೆ ಬರಲಿಲ್ಲ.

ಎರಡನ್ನೂ ಹರಿದು ಹಾಕುವವನಿದ್ದೆ. ನನ್ನ ಮಗಳು ಸಾಕ್ಷಿ ಎತ್ತಿಟ್ಟುಕೊಂಡು, ಆಸ್ಪತ್ರೆಯ ಯಂತ್ರದ ಪಕ್ಕ ನಾಲ್ಕು ತಾಸು ಮಲಗಿರಬೇಕಾದ ಅಜ್ಜಿಗೆ ಓದಿ ಹೇಳಿದ್ದಾಳೆ. ಅಲ್ಲಿ ನಡೆದದ್ದನ್ನು ನಾನು ಕೇಳಿಸಿಕೊಂಡೆ.

"ಮುಂದ?"

"ಇಷ್ಟ ಬರದಾರ ಆಯಿ."

"ಮಜ್ಜಿಗ್ಯಾಗ ಏನ ಹಾಕಿದ್ರಂತ?"

"ಬರದಿಲ್ಲ."

"ಗಂಡಸರ ಪತ್ರಾನ ಹಿಂಗ. ಊರಿನ ಮೂಲಿ ಮೂಲಿ ಅಳದ ಬರೀತಾರ, ಉಪ್ಪ ಹಾಕಿದ್ರೋ ಇಲ್ಲೋ ಅನ್ನೂದ ಇಲ್ಲ. ಮತ್ತೊಮ್ಮಿ ಓದ, ಆ ಅತ್ತಿ-ಸೊಸಿ ಕೆರಿ."

ಅವಳು ಹುಟ್ಟಿದ್ದು ಬನ್ನಿಹಾಳದಿಂದ ನಾಲ್ಕು ಮೈಲಿ ಆಚೆ. ಇಂಡಿಯ ಸಂತೆ, ವಿಜಯಪುರದ ಆಸ್ಪತ್ರೆ; ಎಪ್ಪತ್ತನಾಲ್ಕು ವರ್ಷಗಳಲ್ಲಿ ಅವಳು ನೋಡಿದ ಜಿಲ್ಲೆ ಇಷ್ಟೇ. ಉಳಿದದ್ದನ್ನು ಈಗ ನಿನ್ನ ಕಾಗದಗಳಲ್ಲಿ ನೋಡುತ್ತಿದ್ದಾಳೆ. ನನಗಿದು ಸರಿಬರುವುದಿಲ್ಲ. ತಡೆಯಲು ಮನಸ್ಸೂ ಬರುವುದಿಲ್ಲ. ಅವಳಿಗೆ ನಿನ್ನ ಪತ್ರ ಬೇಕಂತೆ. ನನಗೆ ಬೇಕಾದದ್ದು ಒಂದು ಹಾಳೆ.

ಮೂಲ ಟಿಪ್ಪಣಿ ಕಾಣಬೇಕೆಂದೆಯಲ್ಲ. ಅದರ ದೃಢೀಕೃತ ನಕಲು ಇದರೊಂದಿಗಿದೆ. ಇನ್ನು ಆ ನೆಪವಿಲ್ಲ.

ಸುಭಾಸ

*

ಮುದ್ದೇಬಿಹಾಳ
೩ ಸೆಪ್ಟೆಂಬರ್ ೨೦೨೪

ಪ್ರಿಯ ಸುಭಾಸ,

ಮೊದಲ ಹಾಳೆ ತಾಯಿಯವರಿಗೆ.

ಮಜ್ಜಿಗೆಯಲ್ಲಿ ಉಪ್ಪು, ಕೊತ್ತಂಬರಿ, ಜಜ್ಜಿದ ಬಳ್ಳೊಳ್ಳಿ ಇದ್ದವು. ನಮ್ಮ ಮನೆಯಲ್ಲಿ ಬಳ್ಳೊಳ್ಳಿಗೆ ಪ್ರವೇಶವಿಲ್ಲ. ನಾನು ತಂಬಿಗೆಯನ್ನು ಬರಿದು ಮಾಡಿದೆ.

ಈ ವಾರ ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿದ್ದೆ. ಮುಳುಗಡೆಯಾದ ಊರುಗಳನ್ನು ಎತ್ತರಕ್ಕೆ ತಂದು ನೇರ ರಸ್ತೆಗಳ ಮೇಲೆ ಕೂರಿಸಿದ್ದಾರೆ. ಓಣಿಗಳಿಗೆ ಸಂಖ್ಯೆಗಳಿವೆ. ಜನ ಒಂದು ಸಂಖ್ಯೆಯನ್ನೂ ಬಳಸುವುದಿಲ್ಲ. ಎಂಟನೆಯ ಅಡ್ಡರಸ್ತೆ ಅವರಿಗೆ ಈಗಲೂ ಹೊಳಿ ಓಣಿ. ಹೊಳೆ ಅಲ್ಲಿಂದ ಎರಡು ಮೈಲಿ ದೂರದಲ್ಲಿದೆ, ಆ ಓಣಿಯ ತುಂಬ ಅದರ ಹೆಸರಿದೆ. ಮನೆಗಳ ಮುಂದೆ ಮೀನಿನ ಬಲೆ ಒಣಹಾಕಿದ್ದರು. ಮೊದಲು ಇವರು ಜೋಳ ಬೆಳೆಯುತ್ತಿದ್ದವರು. ಒಬ್ಬ ಹೆಣ್ಣುಮಗಳು ಮೀನು ಕೊಯ್ಯಲು ಕಲಿತದ್ದು ಐವತ್ತನೆಯ ವಯಸ್ಸಿನಲ್ಲಂತೆ. ಕೈಯ ಗಾಯಗಳನ್ನು ಎಣಿಸಿ ತೋರಿಸಿದಳು.

ಯಂಕಪ್ಪ ಎಂಬವರು ತಮ್ಮ ತಂದೆಯ ಗೋರಿ ಮುಳುಗಿದ ಜಾಗ ತೋರಿಸಲು ನನ್ನನ್ನು ನೀರಿನ ಅಂಚಿಗೆ ಕರೆದೊಯ್ದರು. ಒಂದು ಕಲ್ಲಿನ ಮೇಲೆ ನಿಲ್ಲಿಸಿ, ಎದುರು ದಂಡೆಯ ವಿದ್ಯುತ್ ಗೋಪುರವನ್ನೂ ಅದರ ಹಿಂದಿನ ಗುಡ್ಡದ ಕೊರಕಲನ್ನೂ ಒಂದೇ ಗೆರೆಗೆ ತರಲು ಹೇಳಿದರು. ಎಡಕ್ಕೆ ಇನ್ನೊಂದು ಗೆರೆ, ಗುಡಿಯ ತುದಿಯಿಂದ. "ಎರಡೂ ಎಲ್ಲಿ ಕೂಡತಾವ ನೋಡ್ರಿ, ಅಲ್ಲ್ಯದಾನ್ರಿ ನಮ್ಮಪ್ಪ. ನೀರ ಇಳದಾಗ ಹೋಗಿ ನೋಡಿ ಬರ್ತೇವಿ. ಒಂದ ಮೊಳಾನೂ ತಪ್ಪಿಲ್ಲ." ನನ್ನ ಉಪಕರಣದಿಂದ ಪರೀಕ್ಷಿಸಿದೆ. ತಪ್ಪಿರಲಿಲ್ಲ. ನಾನು ಎರಡು ವರ್ಷ ಓದಿ ಕಲಿತ ವಿಧಾನ ಅದು.

ಈ ಹಾಳೆ ನಿನಗೆ ಮಾತ್ರ.

ನಕಲು ತಲುಪಿದೆ. ಅದು ನನ್ನ ಕೈಬರಹವೇ. ಅಕ್ಟೋಬರ್ ಮೂವತ್ತೊಂದಕ್ಕೆ ಬಡ್ತಿಯ ಪಟ್ಟಿ ಹೊರಬೀಳಲಿದೆ. ಅದರಲ್ಲಿ ನನ್ನ ಹೆಸರಿದೆ. ತಪ್ಪು ಮೋಜಣಿಯನ್ನು ಒಪ್ಪಿ ಸಹಿ ಮಾಡಿದರೆ ವಿಚಾರಣೆಯಾಗುತ್ತದೆ, ಹೆಸರು ತೆಗೆಯುತ್ತಾರೆ. ಮಾರನೆಯ ದಿನವೇ ಹಾಳೆ ಕೊಡುತ್ತೇನೆ. ಎರಡು ತಿಂಗಳಿಗಿಂತ ಕಡಿಮೆ. ಇದನ್ನು ಕೇಳಲು ನಾಚಿಕೆಯಾಗುತ್ತದೆಂದು ಬರೆದರೆ ನೀನು ನಂಬಬೇಕಾಗಿಲ್ಲ.

ಗುರುರಾಜ

*

ಇಂಡಿ
೨೯ ಸೆಪ್ಟೆಂಬರ್ ೨೦೨೪

ಗುರುರಾಜ ಕಾಕಾ ಅವರಿಗೆ,

ನಾನು ಸಾಕ್ಷಿ. ಅಪ್ಪ ನಿಮಗೆ ಬರೆಯುವುದಿಲ್ಲ ಎಂದಿದ್ದಾರೆ. ಆಯಿ ಈಗ ಡಯಾಲಿಸಿಸ್ ಬೇಡವೆಂದು ಹಟ ಹಿಡಿದು ಮನೆಗೆ ಬಂದಿದ್ದಾಳೆ. ಕಾಲು, ಮುಖ ಬಾತಿವೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ತಿದ್ದಿದರೆ ಬೈಯುತ್ತಾಳೆ.

"ಗುರಪ್ಪಾ, ಬಳ್ಳೊಳ್ಳಿ ಕುಡದಿ ಅಂತ ಕೇಳಿ ನಕ್ಕೆ. ನಕ್ಕ್ರ ಎದಿ ಹಿಡೀತೈತಿ, ಆದ್ರೂ ನಕ್ಕೆ. ಆ ಯಂಕಪ್ಪನ ಅಪ್ಪನ ಮ್ಯಾಲ ನೀರ ಐತಿ, ನಮ್ಮಾಂವನ ಸುತ್ತ ತಂತಿ ಐತಿ. ನೀರಾದ್ರ ಬ್ಯಾಸಗ್ಯಾಗ ಇಳೀತೈತಿ.

ನಿನಗ ಒಂದ ಮಾತ ಕೇಳೂದೈತಿ. ಸುಭಾಸ ಬಿಜಾಪುರದಾಗ ಓದೂವಾಗ ದಿನಾ ಮುಂಜಾನಿ ಬಸ್ಸಿಗೆ ಬುತ್ತಿ ಕೊಟ್ಟ ಕಳಸ್ತಿದ್ದೆ. ಖೋಲ್ಯಾಗ ಒಬ್ಬ ಮನಗೂಳಿ ಹುಡುಗ ಅದಾನ, ಆಚಾರ್ರ ಮಗ, ಮನ್ಯಾಗ ಗೊತ್ತಾಗದಂಗ ಉಣತಾನ ಅಂದ. ಅವತ್ತಿಂದ ಎರಡ ರೊಟ್ಟಿ ಹೆಚ್ಚ ಬಡದೆ. ಮೂರ ವರ್ಷ ಬಡದೆ. ಅಂವನ ಮಾರಿ ನಾ ನೋಡಿದ್ದಿಲ್ಲ.

ಮುಂದ ಮೋಜಣಿ ಬಂತು. ಸಾಹೇಬ್ರ ಹೆಸರ ಏನಂತ ಜವಾನನ ಕೇಳಿದ್ರ ಗುರುರಾಜ, ಮನಗೂಳಿಯವರು ಅಂದ. ಓಡಿ ಹೋಗಿ ಒಲಿ ಹಚ್ಚಿ, ರೊಟ್ಟಿ ಬಡದ, ಶೇಂಗಾ ಹಿಂಡಿ ಹಾಕಿ, ಅದ ಅರಿವ್ಯಾಗ ಕಟಗೊಂಡ ಬಂದೆ. ಸಾಹೇಬ ರಸ್ತಾದ ಮ್ಯಾಲಿಂದ 'ನಾವು ಹೊರಗಿಂದು ಮುಟ್ಟಂಗಿಲ್ಲ' ಅಂದ. ನನಗ ಸಿಟ್ಟ ಬರಲಿಲ್ಲ. ಹೆಸರ ಒಂದ, ಮನಶ್ಯಾ ಬ್ಯಾರೆ ಅಂತ ತಿಳಕೊಂಡೆ. ಸುಭಾಸ ಮಾತ್ರ ಅಂವನ ಇಂವ ಅಂತಾನ. ಇಪ್ಪತ್ತಾರ ವರ್ಷ ನಮ್ಮಿಬ್ಬರದೂ ಇದ ಜಗಳ. ಜಾಗಾದ್ದು ನೀವಿಬ್ಬರೂ ನೋಡ್ಕೋರಿ. ನೀ ಇದೊಂದ ಹೇಳು. ಅವತ್ತ ಅಲ್ಲಿ ನಿಂತಾಂವ ನೀನ ಏನು?"

ಇಷ್ಟು ಹೇಳಿ ಮಲಗಿದಳು.

ಸಾಕ್ಷಿ

*

ಮನಗೂಳಿ, ತಾ. ಬಸವನ ಬಾಗೇವಾಡಿ
೨೫ ಅಕ್ಟೋಬರ್ ೨೦೨೪

ಪ್ರಿಯ ಸುಭಾಸ,

ಇದರೊಂದಿಗೆ ಹಾಳೆ ಇದೆ. ಸಹಿ, ದಿನಾಂಕ, ಹುದ್ದೆ ಎಲ್ಲವೂ ಇವೆ. ಬಡ್ತಿಯ ಪಟ್ಟಿ ಹೊರಬರಲು ಇನ್ನೂ ಆರು ದಿನಗಳಿವೆ. ಅದನ್ನು ಒಂದು ಗುಣವೆಂದು ಎಣಿಸಬೇಡ. ಸಾಕ್ಷಿಯ ಪತ್ರ ಬಂದ ಮೇಲೂ ನಾನು ಮೂರು ವಾರ ಸುಮ್ಮನಿದ್ದೆ.

ಈ ತಿಂಗಳು ನನ್ನದೇ ತಾಲೂಕಿನಲ್ಲಿ ಕೆಲಸವಿತ್ತು. ಮನಗೂಳಿಯಲ್ಲಿ ನಾನು ಹುಟ್ಟಿ ಬೆಳೆದ ಓಣಿಯಿಂದ ಮುನ್ನೂರು ಹೆಜ್ಜೆ ದೂರದ ಕೇರಿಗೆ ಮೊದಲ ಸಲ 'ಹೆಸರು ಕೇಳಲು' ಹೋದೆ. ಅಲ್ಲಿಯ ಬಾವಿಗೆ ಅವರು ಕರೆಯುವ ಹೆಸರು 'ಕಾಯೂ ಬಾಂವಿ'. ನನ್ನ ಓಣಿಯವರು ಬಂದು ನೀರೆತ್ತಿ ಹಾಕುವವರೆಗೆ ಆ ಜನ ಅಲ್ಲಿ ಕಾಯುತ್ತ ಕೂರಬೇಕಾಗಿತ್ತಂತೆ. ನಾವು ಅದನ್ನು ಸಿಹಿ ಬಾವಿ ಎನ್ನುತ್ತಿದ್ದೆವು. ಐವತ್ತೆರಡು ವರ್ಷಗಳಲ್ಲಿ ಮತ್ತೊಂದು ಹೆಸರನ್ನು ನಾನು ಕೇಳಿರಲಿಲ್ಲ.

ಆ ಸಂಜೆ ನನ್ನ ಹೆಂಡತಿ ನಲಿನಿಗೆ ಎಲ್ಲವನ್ನೂ ಹೇಳಿದೆ. ಅವಳು, "ಮೂರು ವರ್ಷ ಉಂಡೀರಿ. ನನಗೂ ಹೇಳ್ಲಿಲ್ಲ" ಎಂದಳು. ಅಷ್ಟೇ.

ಇನ್ನು ತಾಯಿಯವರ ಪ್ರಶ್ನೆಗೆ.

ನಿಂತವನು ನಾನೇ. ಊರು ನಿನ್ನದೆಂದು ನನಗೆ ಗೊತ್ತಿತ್ತು. ಅವರು ಕೈಯಲ್ಲಿ ಹಿಡಿದಿದ್ದ ಗಂಟನ್ನು ಮೂವತ್ತಮೂರು ಅಡಿಯಿಂದ ಗುರುತಿಸಿದೆ. ಇಳಕಲ್ ಸೀರೆಯ ತುಂಡು, ಕೆಂಪು ಅಂಚು, ಗಂಟಿನ ಒಂದು ಕಿವಿ ಒಳಕ್ಕೆ ಮಡಚಿದ್ದು. ಆ ಗಂಟನ್ನು ಮೂರು ವರ್ಷ ದಿನಾಲು ನಾನೇ ಬಿಚ್ಚಿದ್ದೆ. ನೀನು ಸ್ನಾನಕ್ಕೆ ಹೋದಾಗ ಕಾಯಲಾರದೆ. ಊರ ಲೆಕ್ಕ ಬರೆಯುವ ತಲಾಟಿಯೂ ನಾಲ್ಕು ಜನ ಹಿರಿಯರೂ ನನ್ನ ಪಕ್ಕದಲ್ಲಿದ್ದರು. "ನೀವ್ಯಾಕ ಇಳದ ಹೋಗ್ತೀರಿ ಸಾಹೇಬ್ರ, ಇಲ್ಲಿಂದನ ಒದರ್ರಿ" ಎಂದರು. ಒದರಿದೆ. "ಹಿರ್ಯಾರ" ಎಂದೇ ನನಗೆ ಕೇಳಿಸಿತು. ತಲಾಟಿ, "ಹಿರೇರ ಅಂದ್ಲರಿ, ಬರಕೋರಿ, ಬಾಜೂ ಹೊಲಾನೂ ಅವರದ" ಎಂದ. ನನಗೆ ಸಂಶಯವಿತ್ತು. ನಡೆದು ಹೋಗಿ ಇನ್ನೊಮ್ಮೆ ಕೇಳಿದ್ದರೆ ತೀರುತ್ತಿತ್ತು. ಆದರೆ ನಡೆದು ಹೋದರೆ ಬುತ್ತಿಯ ಎದುರು ನಿಲ್ಲಬೇಕಿತ್ತು. 'ಹಿರೇರ' ಎಂದು ಬರೆದು ಪುಸ್ತಕ ಮುಚ್ಚಿದೆ. ಗಾಳಿಗೆ ಸರಿಯಾಗಿ ಕೇಳಿಸಲಿಲ್ಲವೆಂಬ ನೆಪವನ್ನು ಹಾಳೆಯಲ್ಲಿ ಬರೆದಿಲ್ಲ. ಆ ದಿನ ಗಾಳಿ ಇರಲಿಲ್ಲ.

ಆ ದಿನ ನಾನು ಹಸಿದಿದ್ದೆ. ಇದನ್ನೂ ಅವರಿಗೆ ಓದಿ ಹೇಳು.

ನಲಿನಿ, "ಟಪಾಲದಾಗ ಯಾಕ ಹಾಕ್ತೀರಿ, ಎರಡು ತಾಸಿನ ದಾರಿ ಅದ, ಕೈಲೇ ಕೊಟ್ಟು ಬರ್ರಿ" ಎನ್ನುತ್ತಾಳೆ. ಕಾನೂನಿನ ಕಾಗದ, ತಲುಪಿದ್ದಕ್ಕೆ ನಿನ್ನ ಸಹಿಯ ಪುರಾವೆ ಇರಬೇಕು. ನಾಳೆ ರಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತೇನೆ.

ಗುರುರಾಜ

*

ಇಂಡಿ
೬ ನವೆಂಬರ್ ೨೦೨೪

ಗುರುರಾಜ,

ಅವ್ವ ಅಕ್ಟೋಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ ತೀರಿಕೊಂಡಳು.

ಭಾನುವಾರ ಅವಳು ಊರಿಗೆ ಒಯ್ಯಿರೆಂದಳು. ಮನೆಗೆ ಬೀಗ ಹಾಕಿ ಎಲ್ಲರೂ ಬನ್ನಿಹಾಳಕ್ಕೆ ಹೋದೆವು. ಸೋಮವಾರ ಅಂಚೆಯವನು ನಿನ್ನ ಲಕೋಟೆ ತಂದಿದ್ದನಂತೆ. ಸಹಿ ಮಾಡುವವರು ಯಾರೂ ಇಲ್ಲವೆಂದು ಪಕ್ಕದ ಮನೆಯವರಿಗೆ ಹೇಳಿ ವಾಪಸು ಒಯ್ದ. ಅವನು ಮಾಡಿದ್ದು ಸರಿಯೇ. ಸಾದಾ ಲಕೋಟೆಯಾಗಿದ್ದರೆ ಬಾಗಿಲ ಸಂದಿಯಲ್ಲಿ ಹಾಕಿರುತ್ತಿದ್ದ, ಪಕ್ಕದವರು ಅಂದೇ ಫೋನ್ ಮಾಡುತ್ತಿದ್ದರು. ದೀಪಾವಳಿಯ ರಜೆ ಮುಗಿದು ಅದು ನನ್ನ ಕೈಸೇರಿದ್ದು ನವೆಂಬರ್ ನಾಲ್ಕರಂದು, ಅವಳು ಹೋದ ಏಳನೆಯ ದಿನ. ಸಹಿ ಮಾಡಿದ್ದೇನೆ. ನಿನ್ನ ಪುರಾವೆ ನಿನಗೆ ತಲುಪಬಹುದು.

ಮಂಗಳವಾರ ಸಂಜೆ ಹೆಣ ಹೊತ್ತು ಬೇಲಿಯವರೆಗೆ ಹೋದೆವು. ರಾವಸಾಬರು ಬಂದು ನಿಂತರು.

"ಕಾಗದಾ ಬಂತೇನ್ರಿ ಮಾಸ್ತರ?"

"ಇಲ್ರಿ."

"ನಾ ಕೊಟ್ಟ ಮಾತ ಮಾತನ ರಿ. ಆದ್ರ ನಮ್ಮ ಅಣತಮ್ಮಂದ್ರ ನಾಕ ಮಂದಿ ಅದಾರ. ಕಾಗದಾ ಇಲ್ದ ಬಿಚ್ಚಿದ್ರ ನಾಳೆ ನನ್ನ ಮನಿ ಒಡೀತೈತಿ."

ಅವರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಕೇರಿಯ ಹುಡುಗರು ತಂತಿ ಕಡಿಯುತ್ತೇವೆಂದರು. ನಾನು ಬೇಡವೆಂದೆ. ಅವ್ವನನ್ನು ಹೊತ್ತುಕೊಂಡು ಜಗಳವಾಡುವುದು ನನಗೆ ಆಗಲಿಲ್ಲ. ಕಾಲುವೆಯ ದಂಡೆಯ ಮೇಲೆ, ಜಾಲಿಗಿಡಗಳ ನಡುವೆ ಮಣ್ಣು ಕೊಟ್ಟೆವು.

ನಿನ್ನ ಹಾಳೆಯನ್ನು ರಾವಸಾಬರಿಗೆ ಕೊಟ್ಟಿದ್ದೇನೆ. ನಿನ್ನೆ ತಂತಿ ಬಿಚ್ಚಿದ್ದಾರೆ. ಅವ್ವನನ್ನು ಮತ್ತೆ ಎತ್ತುವುದಿಲ್ಲ. ಒಮ್ಮೆ ಇಟ್ಟವರನ್ನು ನಮ್ಮಲ್ಲಿ ಎತ್ತುವುದಿಲ್ಲ.

ನಿನ್ನ ಪತ್ರವನ್ನು ಓದಿದೆ. ಅಂದು ನಿಂತವನು ಬೇರೆ ಗುರುರಾಜನೆಂದೇ ಅವ್ವ ಕೊನೆಯವರೆಗೂ ನಂಬಿದ್ದಳು. ಇಪ್ಪತ್ತಾರು ವರ್ಷಗಳ ಜಗಳದಲ್ಲಿ ನಾನು ಗೆದ್ದಿದ್ದೇನೆ. ಹೇಳಲು ಅವಳಿಲ್ಲ. ನಿನ್ನ ಪತ್ರ ತಡವಾಗಿದ್ದರಿಂದ ಆದ ಒಳ್ಳೆಯದು ಅದೊಂದೇ.

ಬರಬೇಡವೆಂದು ಹೇಳುವುದಿಲ್ಲ. ಬಂದರೆ ಊಟದ ಹೊತ್ತು ತಪ್ಪಿಸಿ ಬಾ.

ಸುಭಾಸ

*

ಇಂಡಿ
೧೮ ನವೆಂಬರ್ ೨೦೨೪

ಸುಭಾಸ,

ನಿನ್ನೆ ಬನ್ನಿಹಾಳಕ್ಕೆ ಬಂದಿದ್ದೆ. ಜೀಪು ನಿಂತಾಗ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನೀನು ಊರಿನಲ್ಲಿದ್ದೆ, ಹೊರಗೆ ಬರಲಿಲ್ಲ. ಅದು ಸರಿಯಾಗಿಯೇ ಇದೆ. ಸಾಕ್ಷಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

ನಾನು ರಸ್ತೆಯ ಮೇಲೆ ಹಳೆಯ ಜಾಗದಲ್ಲಿ ನಿಂತು, ಕೇರಿಯ ಬಾಯಿಯವರೆಗೆ ನಡೆದೆ. ಹದಿಮೂರು ಹೆಜ್ಜೆಗಳಾದವು.

ಆಮೇಲೆ ಹನೀಫನ ಕೈಗೆ ಸರಪಳಿಯ ಒಂದು ತುದಿ ಕೊಟ್ಟು, ಭೀಮಶ್ಯಾ ಅವರ ತಲೆಗಲ್ಲಿನಿಂದ ತಾಯಿಯವರ ಮಣ್ಣಿನವರೆಗೆ ಅಳೆದೆ. ಹದಿನಾಲ್ಕು ಸರಪಳಿ ಆರು ಅಡಿ. ಹನೀಫ ತನ್ನ ತುದಿಯನ್ನು ಬಿಡದೆ ಹಿಡಿದೇ ಇದ್ದ. "ಇನ್ನೊಮ್ಮಿ ಅಳೀಲೇನ್ರಿ ಸಾಹೇಬ್ರ?" ಎಂದ. ಅಳೆದೆವು. ಅಷ್ಟೇ ಬಂದಿತು.

ಪಟ್ಟಿಯಿಂದ ನನ್ನ ಹೆಸರನ್ನು ತೆಗೆದಿದ್ದಾರೆ. ಹಾಳೆಯ ಒಂದು ಪ್ರತಿಯನ್ನು ಕಚೇರಿಗೂ ನಾನೇ ಕಳಿಸಿದ್ದೆ. ಹೆಸರುಗಳ ಈ ಕೆಲಸ ತಿಂಗಳ ಕೊನೆಯವರೆಗೆ ನನ್ನ ಬಳಿಯೇ ಇರುತ್ತದೆ. ಬನ್ನಿಹಾಳದ ಪುಟವನ್ನು ನಿನ್ನೆ ಅಲ್ಲಿಯೇ ಕುಳಿತು ತುಂಬಿದೆ. ನಿನ್ನ ಮಾಹಿತಿಗಾಗಿ ಅದನ್ನು ಇಲ್ಲಿ ಬರೆದಿದ್ದೇನೆ.

ನಕಾಶೆಯಲ್ಲಿರುವ ಹೆಸರು: ಹಿರೇರ ಜಾಗ.
ಜನ ಕರೆಯುವ ಹೆಸರು: ಹಿರ್ಯಾರ ಜಾಗ.
ಹೇಳಿದವರು: ಶೆಟ್ಟೆವ್ವ, ಗಂಡ ಭೀಮಶ್ಯಾ, ಬನ್ನಿಹಾಳ. ಹೇಳಿದ್ದು ೧೯೯೮ರ ಮಾರ್ಚ್‌ನಲ್ಲಿ.

ಸಹಿ ಅಥವಾ ಹೆಬ್ಬೆಟ್ಟಿನ ಕಾಲಮು ಖಾಲಿ ಇದೆ; ಅವರ ಬದಲು ಬೇರೆಯವರ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ. ಅದು ಖಾಲಿ ಇದ್ದರೆ ಪುಟವನ್ನು ಮೇಲಿನವರು ತಿರಸ್ಕರಿಸುತ್ತಾರೆ. ನಾನು ಅದನ್ನು ಹಾಗೆಯೇ ಕಳಿಸಿದ್ದೇನೆ.

ಗುರುರಾಜ